ಕಾಲುಪಟ್ಟಿ

ಕಸ್ತೂರಿ ಜಗಲಿಯ ಮೂಲೆಯಲ್ಲಿ ಕೂತು, ಕಾಲುಪಟ್ಟಿಗೆ ಅಂಟಿದ್ದ ಕೆಂಚು ಕೂದಲನ್ನು ಸದ್ದಿಲ್ಲದೆ ಕೀಳುತ್ತಿದ್ದಳು. ಊರಿನ ಕರೆಂಟು ಕಂಬಗಳು ಈಗ ಬಟ್ಟೆ ಒಣಹಾಕಲಿಕ್ಕಷ್ಟೇ. ಬೆಳಿಗ್ಗೆ ಓಟವನ್ನು ಕರೆಂಟಾಗಿ ಕೂಡಿಡುವ ಈ ಪಟ್ಟಿ ಕಟ್ಟಿಕೊಂಡು ಯಾರು ಎಷ್ಟು ಓಡುತ್ತಿದ್ದರೋ, ಸಂಜೆ ಅವರ ಮನೆಯ ದೀಪ ಅಷ್ಟು ಹೊತ್ತು ಉರಿಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಓಟ ಕಸ್ತೂರಿಯ ಪಾಲಿಗೆ ಬಂತು. ಹಾಲಿನ ಬೂತು ಮುಟ್ಟುವಷ್ಟರಲ್ಲಿ ಅವಳಿಗೆ ಪಕ್ಕೆ ಹಿಡಿಯುತ್ತಿತ್ತು. ಅದಕ್ಕೇ ಪಟ್ಟಿಯನ್ನು ಬೀದಿನಾಯಿ ಕೆಂಚನ ಕಾಲಿಗೆ ಕಟ್ಟಿ ಬಿಡತೊಡಗಿದ್ದಳು.

"ಕೆರೆ ಏರಿತನಕ ಓಡ್ತಾಳೆ ನನ್ನ ಮಗಳು," ಎಂದಳು ಅವ್ವ, ಹೊಲಿಗೆ ಮಿಷನ್ನು ತುಳಿಯುತ್ತ.

"ಹಂಗಾ? ಕೆಂಚ ಯಾಕೋ ಕುಂಟ್ತಾ ಬಂದು ನಮ್ಮ ಬಾಗಿಲಾಗೆ ಬಿದ್ಕಂಡೈತೆ. ಅದನ್ನೂ ಜೊತೆಗೆ ಓಡಿಸ್ತಾಳೇನು?" ಪಕ್ಕದ ಮನೆಯ ಮಲ್ಲಕ್ಕ ನಕ್ಕಳು.

ಕಸ್ತೂರಿ ಕಿತ್ತ ಕೂದಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಮರುದಿನ ಪಟ್ಟಿಯನ್ನು ತನ್ನ ಕಾಲಿಗೇ ಕಟ್ಟಿಕೊಂಡಳು. ಒಂದು ಕಂಬ ಓಡಿ, ಒಂದು ಕಂಬ ನಡೆದು, ಬೂತು ದಾಟಿ ಸ್ವಲ್ಪ ದೂರದಲ್ಲಿ ಮೊಣಕಾಲು ಹಿಡಿದು ನಿಂತಳು. ಕೆಂಚ ಕುಂಟುತ್ತಲೇ ಹಿಂದೆ ಬಂದು ಬಾಲ ಅಲ್ಲಾಡಿಸಿತು. ಅವಳಿಗೆ ಅದರ ಮುಖ ನೋಡಲಾಗಲಿಲ್ಲ.

ಸಂಜೆ ಅವ್ವ ರವಿಕೆಯ ತೋಳು ಅರ್ಧ ಹೊಲಿಯುವಷ್ಟರಲ್ಲಿ ದೀಪ ಆರಿತು.

"ಅವ್ವಾ, ಇಷ್ಟು ದಿನ ಓಡಿದ್ದು ಕೆಂಚ. ಇವತ್ತಷ್ಟೇ ನಾನು. ದಿನಾ ಒಂದೊಂದು ಕಂಬ ಹೆಚ್ಚು ಓಡ್ತೀನಿ. ಅಲ್ಲೀತನಕ ಹಗಲಾಗೆ ಹೊಲೀತೀಯಾ?"

ಕತ್ತಲಲ್ಲಿ ಮಿಷನ್ನಿನ ಚಕ್ರ ಮೆಲ್ಲಗೆ ನಿಂತಿತು. ಅವ್ವ ಅರ್ಧ ಹೊಲಿದ ರವಿಕೆಯನ್ನು ಮಡಿಸಿ, ಬೆಳಗಿನ ಬೆಳಕಿಗೆಂದು ಕಿಟಕಿಯ ಹತ್ತಿರ ಇಟ್ಟಳು.