ಹೊರಗಿನ ಕಪ್ಪು

ಸೊಸೆ ಸರಿತಾ ಹೊರಬಾಗಿಲ ಪಕ್ಕದ ಗೂಡಿಗೆ ಕೈಹಾಕಿ, ಹಿಡಿಕೆ ಮುರಿದ ಪಿಂಗಾಣಿ ಕಪ್ಪನ್ನು ಎರಡೇ ಬೆರಳಲ್ಲಿ ಎತ್ತಿ ಅತ್ತೆಯ ಮುಂದಿಟ್ಟಳು. ಒಂದು ಗೇಣು ಮೇಲಿನಿಂದ ಚಹಾ ಸುರಿದಳು.

ಅಮೃತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನ ಐದಕ್ಕೆ ಎದ್ದು, ಕಲಬುರಗಿಗೆ ಹೋಗಿ, ನಾಲ್ಕನೆಯ ಕೀಮೋ ಏರಿಸಿಕೊಂಡು, ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಈ ಫರಸಿಕಲ್ಲಿನ ಕಟ್ಟೆಯ ಮೇಲೆ ಈಗಷ್ಟೇ ಕುಸಿದು ಕೂತಿದ್ದಳು. ಇದು ಅವಳದೇ ಮನೆ.

“ಒಳಗ ಕಪ್ಪು ಇಲ್ಲೇನು?”

“ಇರ್ಲಿಕ್ಕೇನ್ರಿ ಅತ್ತಿ, ಭಾಳ ಅವ. ಆದ್ರ ಸಣ್ಣ ಹುಡುಗ್ರಿರೋ ಮನಿ. ಈ ಬ್ಯಾನಿ ಹತ್ತತದ ಅಂತ ಓಣ್ಯಾಗೆಲ್ಲ ಅನ್ಲಿಕತ್ತಾರ.”

“ಹತ್ತಂಗಿಲ್ಲ ಅಂತ ಡಾಕ್ಟರು ಸಾವಿರ ಸಲ ಹೇಳ್ಯಾರ!”

“ಹೇಳ್ತಾರ ಬಿಡ್ರಿ. ಅವರೇನು ತಮ್ಮ ಮನಿಯಾಗ ಇಟ್ಕೊಂಡಾರೇನು?”

ಪಕ್ಕದಲ್ಲಿ, ಇಬ್ಬರ ಕೈಚೀಲಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಖುರ್ಷಿದಬೇಗಂ ಕೂತಿದ್ದಳು. ಮೂವತ್ತು ವರ್ಷದಿಂದ ಇದೇ ಕಟ್ಟೆಯ ಮೇಲೆ ಅಮೃತಮ್ಮನಿಗೆ ಬಳೆ ಇಡಿಸುತ್ತ ಬಂದ ಬಳೆಗಾರ್ತಿ. ಈಗ ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ದಿನ ಕೀಮೋ, ಇಬ್ಬರದೂ ಬೋಳು ತಲೆ. ಸೂಜಿ ಹಿಡಿದ ಸಿಸ್ಟರ್ ಅಮೃತಮ್ಮನ ಕೈಯಲ್ಲಿ ನರ ಸಿಗದೆ ಒದ್ದಾಡುವಾಗ, “ಬಾಜೂಕ ಸರೀರಿ, ಈ ಕೈ ನನಗ ಗೊತ್ತದ,” ಎಂದು ಒತ್ತಿ ತೋರಿಸುವವಳೂ ಇವಳೇ. ಮೊದಲೆಲ್ಲ ‘ನೀವು’ ಎನ್ನುತ್ತಿದ್ದಳು. ಒಂದೇ ಬಕೆಟ್ಟಿಗೆ ಇಬ್ಬರೂ ವಾಂತಿ ಮಾಡಿಕೊಂಡ ಮೇಲೆ ಬಹುವಚನ ಎಲ್ಲಿ ಉಳಿಯಬೇಕು? ಇವತ್ತೂ ಗಾಡಿಯಲ್ಲಿ, “ಅಮೃತಕ್ಕಾ, ಇಬ್ಬರ ಬಾಚಣಿಗಿನೂ ಮಾರಿಬಿಡೋಣು, ಚಹಾದ ಖರ್ಚರೆ ಹುಟ್ಟತದ,” ಎಂದು ಹೊಟ್ಟೆ ಹಿಡಿದುಕೊಳ್ಳುವಂತೆ ನಗಿಸಿದ್ದಳು.

ಆದರೆ ಸಿಟ್ಟು ನೆತ್ತಿಗೇರಿದ ಮೇಲೆ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ.

“ಅದು ಯಾರ ಕಪ್ಪು ಅಂತರೆ ಗೊತ್ತದಿಲ್ಲೋ ನಿನಗ? ಅದರಾಗ ನನಗ ಕೊಡ್ತಿ?” ಎಂದು ಅಮೃತಮ್ಮ ಸೊಸೆಯ ಮೇಲೆ ಕಿರುಚಿದಳು.

ಕಿರುಚಿದ ಮೇಲೆ ನೆನಪಾಯಿತು. ಆ ಕಪ್ಪಿನವಳು ಮೊಳ ದೂರದಲ್ಲೇ ಕೂತಿದ್ದಾಳೆ.

“ಹೌದಲ್ರಿ,” ಎಂದಳು ಸರಿತಾ, ಚಹಾದ ಕಿಟ್ಲಿ ಹಿಡಿದು ನಿಂತಲ್ಲೇ. “ಹಂಗಾರ ಖುರ್ಷಿದಬೀಗೆ ಯಾವುದರಾಗ ಕೊಡ್ಲಿ? ಒಳಗಿಂದು ಹೊರಗ ಕೊಡಬಾರದಂತ ನೀವಽ ಕಲಿಸೀರಿ.” ಕುಹಕ ಮಾಡಲಿಲ್ಲ, ನಿಜಕ್ಕೂ ತಿಳಿಯದೆಯೇ ಕೇಳಿದಳು. ಕಿಟ್ಲಿ ಹಿಡಿದೇ ಒಳಗೆ ಹೋದಳು.

ಅಮೃತಮ್ಮ ಚಹಾ ಸಮೇತ ಕಪ್ಪನ್ನು ಎತ್ತಿದಳು, ಅಂಗಳಕ್ಕೆ ಬಿಸಾಡಲು. ಖುರ್ಷಿದಬೇಗಂ ಆ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

“ಒಡಿಬ್ಯಾಡ. ಒಡದ್ರ ಭಾಳ ಸಸ್ತಾದಾಗ ಮುಗೀತದ.” ಗಾಡಿಯಲ್ಲಿ ನಗಿಸಿದ ದನಿ ಇದಲ್ಲ. “ಮೂವತ್ತು ವರ್ಷ ಇದರಾಗ ಕುಡದೀನಿ. ಕುಡದು, ಆ ನಳದ ಬುಡಕ ತೊಳದು, ಗೂಡಿನಾಗ ಬೋರಲ ಹಾಕಿ ಹೋಗೀನಿ. ನೀ ಒಳಗಿಂದ ಒದರ್ತಿದ್ದಿ, ‘ಎರಡು ಸಲ ತೊಳಿ ಖುರ್ಷಿದಾ, ಇರುವಿ ಹತ್ತತಾವ’ ಅಂತ. ನಾ ಇಡಸೋ ಬಳಿ ನಡೀತಿದ್ವು ನಿನಗ. ನಿನ್ನ ಕೈ ಹಿಡದು ಹಿಚುಕೋ ಈ ಕೈ ನಡೀತಿತ್ತು. ಬಾಯಿ ಅಷ್ಟ ನಡೀತಿದ್ದಿಲ್ಲ. ಒಂದಿನರೆ ಹಿಂಗ ಉರದಿತ್ತೇನು ನಿನಗ?”

ಉರಿದಿರಲಿಲ್ಲ. ಸುಳ್ಳು ಹೇಳುವ ಮುಖವೂ ಅಮೃತಮ್ಮನಿಗೆ ಉಳಿದಿರಲಿಲ್ಲ.

“ಇಷ್ಟು ದಿನ ಯಾಕ ಅನ್ಲಿಲ್ಲ?” ಎಂದು ಕೇಳಿದಳು.

“ಅಂದಿದ್ರ ನನ್ನ ಕಡಿ ಬಳಿ ಇಡಿಸ್ಕೊಳ್ತಿದ್ದೇನು?”

ಅಮೃತಮ್ಮ ಕಪ್ಪನ್ನು ಅವಳತ್ತ ಸರಿಸಿದಳು. ಖುರ್ಷಿದಬೇಗಂ ಅರ್ಧ ಕುಡಿದು, ಉಳಿದದ್ದನ್ನು ಹಿಂದಕ್ಕೆ ಕೊಟ್ಟಳು. “ಹಿಡಿ. ಚಹಾ, ನೀರು ಏನರೆ ಕುಡೀತಿರ್ರಿ ಅಂದಾರ ಡಾಕ್ಟರು. ಜಾತಿ ನೋಡಿ ಕುಡೀರಿ ಅಂದಿಲ್ಲ.”

ಅಮೃತಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕುಡಿದಳು. ಬಾಯಿಹುಣ್ಣಿಗೆ ಚಹಾ ಚುರ್ರೆಂದಿತು. ಖಾಲಿ ಕಪ್ಪು ಹಿಡಿದು ಒಳಗೆ ಹೊರಟಳು.

“ಎತ್ತಾಗ?” ಎಂದಳು ಖುರ್ಷಿದಬೇಗಂ. “ಹೊರಗ ಕುಡದವರು ಹೊರಗಽ ತೊಳೀಬೇಕು. ನಿಂದಽ ಕಾನೂನು.”

ಅಮೃತಮ್ಮ ನಳದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಆಪರೇಷನ್ ಆದಾಗಿನಿಂದ ಊದಿಕೊಂಡಿದ್ದ ಎಡಗೈಗೆ ಕಪ್ಪು ನಿಲ್ಲದೆ ಜಾರುತ್ತಿತ್ತು. ಒಳಗಿನಿಂದ ಸರಿತಾ ಕೂಗಿದಳು: “ಅತ್ತಿ, ಎರಡು ಸಲ ತೊಳೀರಿ! ಇರುವಿ ಹತ್ತತಾವ!”

ಅಮೃತಮ್ಮನ ಕೈ ನಿಂತುಬಿಟ್ಟಿತು. ನೀರು ಸುಮ್ಮನೆ ಹರಿಯುತ್ತಿತ್ತು.

ಖುರ್ಷಿದಬೇಗಂ ಗೋಡೆ ಹಿಡಿದು ಎದ್ದಳು. ಕಾಲೆಳೆಯುತ್ತ ಬಂದು ಪಕ್ಕದಲ್ಲಿ ಕೂತು, ಅವಳ ಕೈಯಿಂದ ಕಪ್ಪನ್ನು ತೆಗೆದುಕೊಂಡಳು.

“ತಾ ಇಲ್ಲಿ. ಮೊದಮೊದಲ ಹಿಂಗಽ ಆಗ್ತದ,” ಎಂದಳು. “ಮೂವತ್ತು ವರ್ಷ ತಡಿ, ರೂಢಿ ಆಗ್ತದ.”