ಹಸಿ ಎಲುಬು

ರಂಗೂಬಾಯಿಯ ಹೆಬ್ಬೆರಳು ಮೊಮ್ಮಗಳ ಕುಸಿದ ಮೂಗಿನ ಬುಡಕ್ಕೆ ಬಂದು ನಿಂತಿತು. ಅಜ್ಜಿಯ ಚಾಚಿದ ಕಾಲುಗಳ ಮೇಲೆ ಎಂಟು ತಿಂಗಳ ಅಂಬಾ ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದಳು. “ಎಲುಬು ಇನ್ನೂ ಹಸಿ ಅದ. ನೀರು ಎರಿಯೋ ಮುಂದ ದಿನಾ ತೀಡಿದ್ರ ಮಾರಿ ಮುಂದ ಬರ್ತದ,” ಎಂದಳು ಮಗನಿಗೆ. “ಏನೂ ಮಾಡ್ಲಿಕ್ಕೆ ಆಗೂದಿಲ್ಲ ಅಂದ ಕ್ಯಾಂಪ್ ದವಾಖಾನಿಯ ಆ ಗೋರಾ ಡಾಕ್ಟರಗ ಇದೆಲ್ಲಾ ಏನ್ ತಿಳೀತದ?”

ಮಗ ಅವಧೂತ ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಎರಡು ವರ್ಷದಿಂದ ಅವನು ಇಲಿಮರಿಗಳ ತಲೆಬುರುಡೆಯ ತಳವನ್ನೇ ನೋಡುತ್ತ ಬಂದಿದ್ದ. ಬಣ್ಣ ಕುಡಿದ ಎಲುಬು ಕೆಂಪಗೆ ಕಾಣುತ್ತಿತ್ತು. ಎರಡು ಎಲುಬಿನ ನಡುವೆ ಇನ್ನೂ ಎಲುಬಾಗದ, ಗಾಜಿನಂತೆ ತಿಳಿಯಾದ ಮೆದು ಗೆರೆ. ಆ ಗೆರೆ ಇರುವ ತನಕ ಮೂತಿ ಮುಂದಕ್ಕೆ ಬೆಳೆಯುತ್ತದೆ. ಒಂದೇ ಒಂದು ಮರಿಯಲ್ಲಿ ಮಾತ್ರ ಗೆರೆ ಅಳಿಸಿ ಕೆಂಪಿಗೆ ಕೆಂಪು ಆಗಲೇ ಕೂಡಿಬಿಟ್ಟಿತ್ತು. ಅದರ ಮೂತಿ ಮೊಂಡಾಗಿತ್ತು. ನಿನ್ನೆ ಮಗಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವನು ಹುಡುಕಿದ್ದು ಆ ಗೆರೆಯನ್ನೇ. ಇರಲಿಲ್ಲ. ಮಿದುಳಿನ ಅಡಿಯ ಆ ಜಾಗವನ್ನು ಡಾಕ್ಟರನ ಕತ್ತಿಯೇ ಮುಟ್ಟಲಾರದು, ಅಜ್ಜಿಯ ಹೆಬ್ಬೆರಳು ಮುಟ್ಟೀತೇ?

ಕೂಸು ಬಾಯಿಂದ ಗೊರಗೊರ ಉಸಿರೆಳೆದು ಅತ್ತಿತು. ರಂಗೂಬಾಯಿ ತೀಡುವುದನ್ನು ನಿಲ್ಲಿಸಿದಳು. ಆಗ ಅವಳು ತಲೆ ಎತ್ತಿ ನೋಡಿದಳು. “ನೀ ಇದನ್ನ ಓದಿದಾಂವ, ಅವಧೂತ. ಖರೇ ಹೇಳು. ಹಸಿ ಅದ, ಹೌದಲ್ಲೋ?”

ಅವಧೂತ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಅದ, ಅವ್ವಾ,” ಎಂದು ಎಣ್ಣೆಯ ಬಟ್ಟಲನ್ನು ಅವಳ ಕೈಗೆಟಕುವಷ್ಟು ಹತ್ತಿರ ಸರಿಸಿದ.