ತಾಸಿಗೊಮ್ಮೆ ಹಾಡುವ ಗಡಿಯಾರ

ಭಾಲ್ಕಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ರಿಪೇರಿ ಅಂಗಡಿಯ ಗಾಜಿನ ಮೇಲೆ ಮಚ್ಛೇಂದ್ರ ಕೈಗಡಿಯಾರವನ್ನು ಕುಕ್ಕಿದ. ಗಾಜು ಒಡೆಯಲಿಲ್ಲ. ಒಡೆದಿದ್ದರೂ ಅವನಿಗೆ ಬೇಸರವಾಗುತ್ತಿರಲಿಲ್ಲ.

"ಮೂರನೇ ಸಲ ಬಂದೀನಿ. ಇದರ ಹಾಡು ಎಲ್ಲಿ ಹೋಯ್ತು, ಹೇಳು."

ಅಂಗಡಿಯ ಚಾಂದ ಪಾಶಾ ಕಣ್ಣಿನ ಮಸೂರವನ್ನು ಹಣೆಗೆ ಏರಿಸಿದ. "ಒಳಗ ಏನೂ ಕೆಟ್ಟಿಲ್ರಿ. ಎರಡು ಸಲ ಬಿಚ್ಚಿ ನೋಡೀನಿ."

"ಬಿಚ್ಚಿದಾಗೇ ಕದ್ದೀದಿ."

ಅದು ನಲವತ್ತು ವರ್ಷದ ಹಿಂದಿನ ಜಪಾನಿನ ಡಿಜಿಟಲ್ ಗಡಿಯಾರ. ಮುಳ್ಳಿಲ್ಲ, ಬರೀ ಅಂಕಿ. ತಾಸಿಗೊಮ್ಮೆ ಒಳಗಿನಿಂದ ಕೀರಲು ದನಿಯಲ್ಲಿ ಒಂದು ಹಾಡು ನುಡಿಯುತ್ತದೆ; ಅದಕ್ಕಾಗಿಯೇ ಸಂಗ್ರಾಹಕರು ಅದರ ಹಿಂದೆ ಬೀಳುವುದು. ಔರಾದಿನ ವಜೀರಬೀ ಎಂಬ ಮುದುಕಿಯ ಪೆಟ್ಟಿಗೆಯಲ್ಲಿತ್ತು, ಗಂಡ ಕುವೈತಿನಿಂದ ತಂದದ್ದು. ಆರು ತಿಂಗಳು ಔರಾದಿಗೆ ಎಡತಾಕಿ ಮಚ್ಛೇಂದ್ರ ಅದನ್ನು ದಕ್ಕಿಸಿಕೊಂಡಿದ್ದ. ಬ್ಯಾಟರಿ ಸತ್ತು ಹೋಗಿತ್ತು. "ಬ್ಯಾಟರಿ ಹಾಕಸಪಾ, ಬುಲ್‌ಬುಲ್ ಹಾಂಗ ಹಾಡ್ತದ" ಎಂದಿದ್ದಳು ಮುದುಕಿ. ನೇರ ತಂದು ಚಾಂದ ಪಾಶಾನ ಕೈಗಿಟ್ಟ. ಅಂಕಿಗಳು ಬಂದವು, ಹಾಡು ಬರಲಿಲ್ಲ.

ಅನುಮಾನಕ್ಕೆ ಕಾರಣವೂ ಇತ್ತು. "ಇಂಥಾ ಹಾಡೋ ಮಷೀನ್ ಒಂದು ನನಗ ಸಿಕ್ಕರ ಕಣ್ಣಿಗಿ ಒತ್ಕೊಂತೇನಿ" ಎಂದು ಇದೇ ಪಾಶಾ ವರ್ಷಗಟ್ಟಲೆ ಹಲುಬಿದ್ದ. ಬೀದರಿನ ಕೊಳಾರದ ಕಾರ್ಖಾನೆಯಲ್ಲಿ ಕಿವಿಗಡಚಿಕ್ಕುವ ಪ್ರೆಸ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತನಾದವನು ಮಚ್ಛೇಂದ್ರ. ಯಂತ್ರ ಸುಳ್ಳು ಹೇಳುವುದಿಲ್ಲ, ಹೇಳುವುದು ಮನುಷ್ಯನೇ ಎಂಬುದು ಅಲ್ಲಿ ಅವನು ಕಲಿತ ಪಾಠ. ಇಪ್ಪತ್ತು ವರ್ಷ ಗೆಳೆಯನೆಂದು ನಂಬಿದವನು ಹೀಗೆ ಮಾಡಿದನಲ್ಲ ಎಂಬ ಉರಿ ಬೇರೆ.

ಮೂರು ಹೊಡೆಯಲು ಅರ್ಧ ನಿಮಿಷವಿತ್ತು. "ಈಗ ಕೇಳ್ರಿ" ಎಂದು ಚಾಂದ ಪಾಶಾ ಗಡಿಯಾರವನ್ನು ಅಂಗೈಯಲ್ಲಿ ಹಿಡಿದ.

ಅಂಕಿ ಬದಲಾಯಿತು. ಮೂರು ಗಂಟೆ, ಸೊನ್ನೆ ಸೊನ್ನೆ. ಮೂಲೆಯಲ್ಲಿ ಪುಟ್ಟ ಗಂಟೆಯ ಗುರುತು ಮಿನುಗಿತು. ಮಚ್ಛೇಂದ್ರ ಉಸಿರು ಬಿಗಿಹಿಡಿದ. ಏನೂ ಇಲ್ಲ.

"ಕೇಳ್ದಿ? ಹೆಣದಂಗ ಬಿದ್ದದ."

ಗೋಡೆ ಗಡಿಯಾರ ರಿಪೇರಿಗೆ ತಂದು ಕಾಯುತ್ತಿದ್ದ ಹಾಜಿರಾಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಏನೋ ಹೇಳಲು ಹೊರಟಳು. ಚಾಂದ ಪಾಶಾ ಕಣ್ಣಲ್ಲೇ ಅವಳನ್ನು ತಡೆದ. ಮಚ್ಛೇಂದ್ರನಿಗೆ ಅಷ್ಟು ಸಾಕಾಯಿತು. ಈ ಕಳ್ಳತನ ಓಣಿಗೆಲ್ಲ ಗೊತ್ತು, ಮೋಸಹೋದ ಮೂರ್ಖ ತಾನೊಬ್ಬನೇ.

ಚಾಂದ ಪಾಶಾ ಬಹಳ ಹೊತ್ತು ಅವನ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಮಚ್ಛೇಂದ್ರಣ್ಣ, ಬೀದರ್‌ದಾಗ ಒಮ್ಮಿ ಡಾಕ್ಟರ್ ಕಡಿ ಹೋಗಿ ಬರ್ರಿ. ನಾನೂ ಸಂಗಟ ಬರ್ತೇನಿ."

"ನನಗ ಹುಚ್ಚು ಅಂತೀಯೇನು?"

"ಹಾಂಗಲ್ರಿ..."

"ವಾಟ್ಸಾಪ್ ಗ್ರೂಪಿನಾಗ ಹಾಕ್ತೇನಿ. ಕಲಬುರಗಿ, ಲಾತೂರ್, ಹೈದರಾಬಾದ್, ಯಾರೂ ನಿನ್ನ ಕೈಯಾಗ ಗಡಿಯಾರ ಕೊಡಬಾರದು. ಹಾಂಗ ಮಾಡ್ತೇನಿ."

ಚಾಂದ ಪಾಶಾನ ಮುಖ ಬಿಳಿಚಿತು. ಈಗ ಭಾಲ್ಕಿಯಲ್ಲಿ ಕೈಗಡಿಯಾರ ಕಟ್ಟುವವರೇ ಕಡಿಮೆ. ಸಂಗ್ರಾಹಕರು ಕಳಿಸುವ ಹಳೆಯ ಗಡಿಯಾರಗಳಿಂದಲೇ ಅವನ ಅಂಗಡಿ ನಡೆಯುತ್ತಿತ್ತು. "ಆ ಗ್ರೂಪಿನಿಂದ ನನ್ನ ಮನ್ಯಾಗ ಒಲಿ ಹೊತ್ತತದ್ರಿ" ಎಂದಷ್ಟೇ ಅಂದ. ಮಚ್ಛೇಂದ್ರ ಗಡಿಯಾರ ಕಸಿದು ಕೈಗೆ ಕಟ್ಟಿಕೊಂಡು ಹೊರಟ.

ಬೀದರಿನ ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಕೂತ. ನಾಲ್ಕರ ಹೊತ್ತಿಗೆ ಪಕ್ಕದ ಸೀಟಿನವನು ಜೇಬಿನಿಂದ ಫೋನ್ ತೆಗೆದು ನೋಡಿಕೊಂಡ. ಮತ್ತೆ ಜೇಬಿಗಿಟ್ಟ. ಆಮೇಲೆ ಮಚ್ಛೇಂದ್ರನ ಮಣಿಕಟ್ಟನ್ನೇ ದಿಟ್ಟಿಸಿದ. ಇವನೂ ಕಳ್ಳನೇ ಇರಬೇಕು. ಮಚ್ಛೇಂದ್ರ ಅಂಗಿಯ ತೋಳು ಎಳೆದು ಗಡಿಯಾರ ಮುಚ್ಚಿದ.

ನೌಬಾದಿನ ಮನೆಯಲ್ಲಿ ಹೆಂಡತಿ ಸುಮನ ಚಹಾ ಕೊಟ್ಟಳು. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ ಎಂದು ಸಿಡುಕಿದಳು. ಅವನು ಚಹಾ ಬದಿಗಿಟ್ಟು ಕಪಾಟು ತೆರೆದ. ಕಪಾಟಿನಲ್ಲಿ ಅವನ ನಲವತ್ತೊಂದು ಗಡಿಯಾರಗಳಿದ್ದವು. ಅವುಗಳ ಕಿರಿಕಿರಿ ತಾಳೆನೆಂದು ಎಷ್ಟೋ ವರ್ಷದ ಹಿಂದೆ ಸುಮನ ಜಗಳ ತೆಗೆದಾಗ ಎಲ್ಲದರ ದನಿಯನ್ನೂ ಅವನೇ ಬಂದ್ ಮಾಡಿದ್ದ. ಹೊಸದರ ಬೆಲೆಯನ್ನಾಗಲಿ ಅದರ ಗೋಳನ್ನಾಗಲಿ ಅವಳಿಗೆ ಹೇಳಿರಲಿಲ್ಲ.

ಐದಕ್ಕೆ ಹತ್ತು ಸೆಕೆಂಡ್ ಇರುವಾಗ ಗಡಿಯಾರವನ್ನು ಮೇಜಿನ ಮೇಲಿಟ್ಟು ಫೋನಿನಲ್ಲಿ ವಿಡಿಯೋ ಶುರು ಮಾಡಿದ. ಅಂಕಿ ಬದಲಾಯಿತು. ಗಂಟೆಯ ಗುರುತು ಮಿನುಗಿತು. ಮೌನ.

"ಮತ್ತ ಶುರು ಆಯ್ತೇನ್ರಿ ನಿಮ್ದು" ಎಂದಳು ಸುಮನ ಅಡುಗೆಮನೆಯಿಂದ. ಅವನು ಗಡಿಯಾರ ಮುಂದಿಟ್ಟುಕೊಂಡು ಕೂತಾಗಲೆಲ್ಲ ಅವಳದು ಇದೇ ರಾಗ.

ವಿಡಿಯೋ ಮತ್ತೊಮ್ಮೆ ಹಾಕಿ ನೋಡಿದ. ಫ್ಯಾನಿನ ಗುರ್ ಎನ್ನುವ ಸದ್ದು ಬಂದಿತ್ತು, ಸುಮನಳ ಮಾತು ಬಂದಿತ್ತು. ಹಾಡು ಮಾತ್ರ ಇಲ್ಲ. ಇನ್ನೇನು ಸಾಕ್ಷಿ ಬೇಕು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂದು ಅವನಿಗೂ ಗೊತ್ತಿತ್ತು. ಆದರೆ ಈ ಮೂಗು ಕೊಯ್ಯಲು ತಕ್ಕದ್ದೇ ಎಂದು ಅವನ ತೀರ್ಮಾನ. ಬರೆದ: "ಭಾಲ್ಕಿಯ ಚಾಂದ ಪಾಶಾ ಕಳ್ಳ. ನನ್ನ ಗಡಿಯಾರದ ಹಾಡು ಕದ್ದಿದ್ದಾನೆ. ನೀವೇ ಕೇಳಿ. ಇನ್ನು ಯಾರೂ ಅವನಿಗೆ ಕೆಲಸ ಕೊಡಬೇಡಿ."

ಮುನ್ನೂರು ಜನರ ಗ್ರೂಪಿಗೆ ವಿಡಿಯೋದ ಜೊತೆ ಹೋಯಿತು.

ಎರಡು ನಿಮಿಷದಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡಿತು: ಚಾಂದ ಪಾಶಾ ಗ್ರೂಪ್ ತೊರೆದಿದ್ದಾರೆ. ಮಚ್ಛೇಂದ್ರ ತೊಡೆ ತಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ.

ಅದರ ಕೆಳಗೆ ಕಲಬುರಗಿಯ ಸಿದ್ದೇಶ್ವರನ ಉತ್ತರ ಬಂತು. ಗ್ರೂಪಿನಲ್ಲೇ ಹಿರಿಯ ಸಂಗ್ರಾಹಕ ಅವನು.

"ಮೂರು ಸಲ ಹಚ್ಚಿ ಕೇಳ್ದೆ ಮಚ್ಛೇಂದ್ರಣ್ಣ. ಹಾಡು ಬುಲ್‌ಬುಲ್ ಹಾಂಗ ಪೂರಾ ಬಂದದಲ್ರಿ. ಪಾಪ, ಅವ ಕದ್ದದ್ದರ ಏನು?"